ಮನೆಯವರ ಕಡೆಯಿಂದ

ಆಕೆ ತಿರುಗಿ ನೋಡಿದಳು. ನೆರಳು ತಟ್ಟನೆ ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡ. ಯಾವ ಭಾಷೆಯ ಪೇಪರೋ ಏನೋ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಮುದುಕ ಸ್ವಲ್ಪ ಹೊತ್ತು ನೋಡಿ, ಅದನ್ನು ಅವನ ಕೈಯಿಂದ ತೆಗೆದು, ಮೇಲಿನದನ್ನು ಕೆಳಗೆ ಮಾಡಿ ಮತ್ತೆ ಕೈಗಿಟ್ಟ.

ನೆರಳು ಎಂಬುದು ಪತ್ತೇದಾರಿ ಆಫೀಸಿನಲ್ಲಿ ಅವನಿಗಿಟ್ಟ ಅಡ್ಡಹೆಸರು. ಹೊಗಳಿಕೆಯಲ್ಲ. ಯಾರ ಬೆನ್ನು ಹತ್ತಿದರೂ ಅವರ ಕೈಗೇ ಸಿಕ್ಕಿಬಿದ್ದು ಬರುತ್ತಿದ್ದುದರಿಂದ ಬಂದದ್ದು.

“ಹೆಂಗಸು, ಒಬ್ಬಳೇ ಬೆನ್ನಿಗೊಂದು ಚೀಲ ಹಾಕ್ಕೊಂಡು ಆಗ್ನೇಯ ಏಷ್ಯಾ ಸುತ್ತೋಕೆ ಹೊರಟಿದ್ದಾಳೆ. ಚಿಕ್ಕ ಪ್ರವಾಸ, ನಾಲ್ಕು ದೇಶ,” ಎಂದಿದ್ದ ಯಜಮಾನ. “ಮನೆಯವರೇ ಮೆಸೇಜು ಕಳಿಸಿ ಹೇಳಿದ್ರು, ಅವಳ ಫೋಟೋನೂ ಕಳಿಸಿದ್ರು. ಹಿಂದೆ ಒಬ್ಬರು ಇರಲೇಬೇಕಂತೆ.”

“ಆಗ್ನೇಯ ಅಂದ್ರೆ ನಂಗೆ ಗೊತ್ತಿರೋದು ಅಡುಗೆಮನೆ ಒಂದೇ ಸಾರ್.”

“ನಾನೂ ಬೇಡ ಅಂದೆ ಕಣೋ. ಎಲ್ಲರ ಫೋಟೋ ನೋಡಿ ನಿನ್ನನ್ನೇ ಆರಿಸಿದ್ರು. ಈ ಮುಖ ಎಂಥಾ ಗುಂಪಲ್ಲೂ ಎದ್ದು ಕಾಣುತ್ತೆ ಅಂದ್ರು. ಯಾಕೆ ಅಂತ ಕೇಳೋಕೆ ಹೋಗ್ಲಿಲ್ಲ. ಆದ್ರೆ ಈ ಸಲವೂ ಸಿಕ್ಕಿಬಿದ್ರೆ ಆಫೀಸಿನ ಮೆಟ್ಟಿಲು ಹತ್ತಬೇಡ.”

ಮನೆಯವರ ನಂಬರು ನೆರಳಿನ ಮೊಬೈಲಿನಲ್ಲಿ ‘ಮನೆಯವರು’ ಎಂದೇ ಇತ್ತು. ಮಾತಿಲ್ಲ, ಬರೀ ಮೆಸೇಜು. ದಿನಾ ಮೊದಲಿಗೆ ಒಂದೇ ಪ್ರಶ್ನೆ: ‘ಊಟ ಮಾಡಿದಳಾ?’

ಹೆಂಡತಿಯ ಹೊಟ್ಟೆಯ ಚಿಂತೆ ಇರುವ ಗಂಡ ಎಂದು ನೆರಳು ಮೆಚ್ಚಿಕೊಂಡ. ಆದರೆ ಮೆಸೇಜುಗಳು ಬರಬರುತ್ತ ಬೇರೆ ದಾರಿ ಹಿಡಿದವು. ‘ಒಬ್ಬಳೇ ತಾನೆ? ಯಾರೂ ಜೊತೆಗಿಲ್ಲ ತಾನೆ?’ ‘ಎತ್ತರದ ಜಾಗದಲ್ಲಿ ತುಂಬಾ ಹೊತ್ತು ನಿಂತಳಾ?’ ‘ನೀರು ಕಂಡರೆ ನೀವು ಇನ್ನೂ ಹತ್ತಿರ ಬನ್ನಿ.’

ಎರಡನೆಯ ದೇಶದ ಗಡಿಯಲ್ಲಿ ಗಾಜಿನ ಹಿಂದಿದ್ದ ಅಧಿಕಾರಿ ಏನೋ ಕೇಳಿದ. ನೆರಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಗಾಬರಿಯಲ್ಲಿ, ಮುಂದೆ ಹೋಗುತ್ತಿದ್ದ ಆಕೆಯತ್ತಲೇ ಬೆರಳು ತೋರಿಸಿಬಿಟ್ಟ. ಆಕೆ ತಿರುಗಿ, ಗಾಜಿನ ಕಡೆ ಯಾರಿಗೋ ಹೌದೆಂಬಂತೆ ತಲೆಯಾಡಿಸಿದಳು. ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು. ತನ್ನ ಮುಖದಲ್ಲೇ ಏನೋ ಗತ್ತಿದೆ ಎಂದುಕೊಂಡು ನೆರಳು ಕಾಲರ್ ಸರಿಮಾಡಿಕೊಂಡ.

ಗತ್ತು ಹೆಚ್ಚು ಹೊತ್ತು ಉಳಿಯಲಿಲ್ಲ. ಬೆಟ್ಟದ ತಿರುವುಗಳು ಮುಗಿಯುವಷ್ಟರಲ್ಲಿ ಅವನು ರಸ್ತೆ ಬದಿಯ ಮರ ಹಿಡಿದು ವಾಂತಿ ಮಾಡುತ್ತಿದ್ದ, ಬಸ್ಸು ಹೊರಟಿತ್ತು. ಹೊರಟಿದ್ದು ಮತ್ತೆ ನಿಂತಿತು. ಒಳಗೆ ಆಕೆ ಚಪ್ಪಲಿ ಕಳೆದುಹೋಯಿತೆಂದು ಸೀಟಿನಡಿ ಹುಡುಕುತ್ತಿದ್ದಳು. ಎರಡೂ ಚಪ್ಪಲಿ ಕಾಲಲ್ಲೇ ಇದ್ದವು. ಡ್ರೈವರ್ ಬೈಯುತ್ತಲೇ ಇದ್ದ. ನೆರಳು ಓಡಿ ಹತ್ತಿದ. ಅವನ ಸೀಟಿನ ಮೇಲೆ ಯಾರೋ ವಾಂತಿ ಮಾತ್ರೆಯ ಹಾಳೆ ಮರೆತುಹೋಗಿದ್ದರು.

ಅದೃಷ್ಟ ಅಂದರೆ ನನ್ನದು, ಎಂದು ಒಂದು ನುಂಗಿದ.

ಮೂರನೆಯ ದೇಶದ ಲಾಡ್ಜಿನಲ್ಲಿ ಒದ್ದೆ ಟವೆಲ್ಲುಗಳ ಸಾಲಿನ ಕೆಳಗೇ ಊಟದ ಮೇಜುಗಳು. ಆಕೆ ಇಬ್ಬರು ಕೂರುವ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು. ಎದುರಿನ ಕುರ್ಚಿಯಲ್ಲಿ ಚೀಲ. ನೆರಳು ಟವೆಲ್ಲೊಂದರ ಮರೆಯಿಂದ ಮನೆಯವರಿಗೆ ವರದಿ ಕಳಿಸಿದ: ‘ಸಾರ್, ಇವಳು ಮೊಬೈಲು ಕೆಳಗಿಡುವುದೇ ಇಲ್ಲ. ಆ ಕಡೆ ಯಾವನೋ ಇದ್ದಾನೆ.’

‘ಎಂಥವನು?’

‘ಗೊತ್ತಿಲ್ಲ ಸಾರ್. ಈಗ ಏನೋ ಓದಿ ನಕ್ಕಳು.’

ಉತ್ತರ ತಡವಾಗಿ ಬಂತು. ‘ನಿಜವಾಗಿಯೂ ನಕ್ಕಳಾ?’

‘ಹಲ್ಲು ಕಂಡವು ಸಾರ್.’

ಆಮೇಲೆ ಆ ದಿನವೆಲ್ಲ ಮೆಸೇಜಿಲ್ಲ. ಹೊಟ್ಟೆಕಿಚ್ಚಿನ ಗಂಡ, ಉರಿಯುವ ಬೆಂಕಿಗೆ ನಾನೇ ತುಪ್ಪ ಹೊಯ್ದೆ ಎಂದು ನೆರಳು ತುಟಿ ಕಚ್ಚಿಕೊಂಡ.

ಕೊನೆಯ ದೇಶ. ದ್ವೀಪಕ್ಕೆ ಹೋಗುವ ದೊಡ್ಡ ದೋಣಿ. ಹತ್ತುವ ಮುಂಚೆ ಮೊಬೈಲು ನಡುಗಿತು: ‘ದೋಣಿಯ ಹಿಂದಿನ ಕಂಬಿ ಗಿಡ್ಡ ಇದೆಯಂತೆ. ಅವಳು ಅಲ್ಲಿ ನಿಂತರೆ ನೀವು ಪಕ್ಕದಲ್ಲೇ ಇರಬೇಕು. ಮಿಕ್ಕಿದ್ದು ನಿಮಗೆ ಬಿಟ್ಟದ್ದು.’

ನೆರಳು ಹಳೆಯ ಮೆಸೇಜುಗಳನ್ನೆಲ್ಲ ಮತ್ತೆ ಓದಿದ. ಎತ್ತರ. ನೀರು. ಒಬ್ಬಳೇ. ಗಿಡ್ಡ ಕಂಬಿ. ಆ ಗಂಡ ತನ್ನನ್ನು ಕಳಿಸಿದ್ದು ಅವಳನ್ನು ನೋಡಿಕೊಳ್ಳಲು ಅಲ್ಲ. ತಳ್ಳಲು ಕಳಿಸಿದ್ದ.

ದಡ ಮರೆಯಾಯಿತು. ಆಕೆ ಎದ್ದು ಹಿಂಬದಿಗೆ ಹೋದಳು. ಚೀಲ ಕಳಚಿ ಕೆಳಗಿಟ್ಟಳು. ಎರಡೂ ಕೈ ಕಂಬಿಯ ಮೇಲಿಟ್ಟು ನೀರನ್ನೇ ನೋಡುತ್ತ ನಿಂತಳು.

ಕೆಲಸವಿಲ್ಲದೆ ಊರಿಗೆ ಹೇಗೆ ಮುಖ ತೋರಿಸುವುದು ಎಂದು ಯೋಚಿಸುತ್ತಲೇ ನೆರಳು ಅವಳ ಪಕ್ಕಕ್ಕೆ ಬಂದ.

“ಮೇಡಂ, ಒಂದು ಮಾತು. ನಾನು ಪತ್ತೇದಾರ.”

“ಹೌದಾ? ಒಂಚೂರೂ ಗೊತ್ತಾಗಲಿಲ್ಲ ನೋಡಿ,” ಎಂದಳು, ನೀರಿನಿಂದ ಕಣ್ಣು ತೆಗೆಯದೆ.

“ಇದು ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಹೋಗ್ಲಿ. ನನ್ನನ್ನ ನಿಮ್ಮ ಹಿಂದೆ ಬಿಟ್ಟಿರೋದು ನಿಮ್ಮ ಮನೆಯವರು. ಅವರ ಬುದ್ಧಿ ನೆಟ್ಟಗಿಲ್ಲ. ನಿಮ್ಮನ್ನ ನೀರಿಗೆ ಹಾಕೋ ಯೋಚನೆ ಅವರದ್ದು. ದಯವಿಟ್ಟು ಈ ಕಡೆ ಬನ್ನಿ.”

ಆಕೆ ಈಗ ಅವನತ್ತ ತಿರುಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಕೈಯನ್ನು, ತಡೆದು ಇನ್ನೊಂದು ಕೈಯನ್ನು ಕಂಬಿಯಿಂದ ತೆಗೆದಳು.

“ಆ ಯೋಚನೆ ಅವರಿಗೆ ಇದ್ದದ್ದು ನಿಜ,” ಎಂದಳು. “ಈಗ ಬಿಟ್ರು ಅನ್ಸುತ್ತೆ.”

ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡಳು. ಮೊಬೈಲು ತೆಗೆದು ಏನೋ ಒತ್ತಿದಳು. ನೆರಳಿನ ಜೇಬು ನಡುಗಿತು.

‘ನೀವು ಊಟ ಮಾಡಿದಿರಾ?’

ಅವನು ಪರದೆ ನೋಡಿದ. ಆಕೆಯ ಕೈ ನೋಡಿದ. ಮತ್ತೆ ಪರದೆ ನೋಡಿದ.

“ಹೋದ ವರ್ಷದಿಂದ ನಮ್ಮನೇಲಿ ಇರೋದು ನಾನೊಬ್ಬಳೇ,” ಎಂದರು ಮನೆಯವರು.