ಬೊಳ್ಳಪ್ಪನ ಪಿಕಪ್ಪಿಗೆ ಹೊಸ ಸೌಂಡು

ಬಾಳೆಲೆ ಬಸ್‌ಸ್ಟ್ಯಾಂಡಿನ ಎದುರು ಬೊಳ್ಳಪ್ಪ ಮತ್ತೊಮ್ಮೆ ತಲೆ ಎಣಿಸಿದ. ಐದು. ಹೋದ ವಾರ ಹದಿನಾಲ್ಕಿತ್ತು.

“ಬಾಕಿ ಹೆಂಗಸರೆಲ್ಲಿ ಚೋಮಿ?”

ಬಿಟ್ಟಂಗಾಲದ ಅವನ ಕಾಫಿತೋಟದ ಪಿಕ್ಕಿಂಗಿಗೆ ಆಳು ಕೂಡಿಸಿ ತರುವವಳು ಚೋಮಿ. ಬುತ್ತಿಯ ಚೀಲ ಹೆಗಲಿಗೇರಿಸಿಕೊಂಡಳು. “ನಾಗರಾಜಣ್ಣನ ಗಾಡಿ ಹತ್ತಿದ್ರು, ಸಾವ್ಕಾರ್ರೇ.”

“ಅಲ್ಲಿ ಕೂಲಿ ಜಾಸ್ತಿಯಾ?”

“ಇಲ್ಲ, ಒಂದೇ.”

“ಮತ್ತೆ ಎಂತ?”

ಚೋಮಿ ಪಿಕಪ್ಪಿನ ಡ್ಯಾಶ್‌ಬೋರ್ಡಿನ ಕಡೆ ನೋಡಿದಳು. “ಎಲ್ಲ ಈ ಸೌಂಡಿಂದ. ಅಲ್ಲಿ ಕೂತ್ರೆ ಬಿಟ್ಟಂಗಾಲ ಬಂದದ್ದೇ ಗೊತ್ತಾಗಲ್ಲಂತೆ.”

ಮಾತು ಬೊಳ್ಳಪ್ಪನಿಗೆ ಸರಿಯಾಗಿಯೇ ನಾಟಿತು. ಇಪ್ಪತ್ತೆರಡು ವರ್ಷ ಹಳೆಯ ಪಿಕಪ್. ಎಡಬದಿಯ ಬಾಗಿಲಿಗೆ ತಂತಿ ಕಟ್ಟಿದ್ದ, ಬ್ರೇಕ್ ಲೈಟಿಗೆ ಬಲ್ಬಿರಲಿಲ್ಲ, ಆದರೂ ಹಾಡು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ದಿನಾ ಮುಂಜಾನೆ ಒಂದು ಗಂಟೆಯ ದಾರಿ, ಗಂಟೆಪೂರ್ತಿ ಅವನಿಗೆ ಪ್ರಿಯವಾದ ಯುಗಳಗೀತೆಗಳು. ಹಾಡು ಕೇಳಿ ಬಂದ ಕೈ ಚುರುಕಾಗಿ ಕಾಫಿ ಕೊಯ್ಯುತ್ತದೆಂಬುದು ಅವನ ಸಿದ್ಧಾಂತ. ಅದನ್ನು ಯಾವ ಕೈಯನ್ನೂ ಕೇಳಿ ಅವನು ಕಟ್ಟಿರಲಿಲ್ಲ. ಈಚೆಗೆ ಸ್ಪೀಕರ್ ಹರಿದು, ಗಾಯಕಿಗೆ ಗಂಟಲುನೋವು ಬಂದಂತೆ ಕೇಳುತ್ತಿತ್ತು, ಅಷ್ಟೇ.

ಪೊನ್ನಂಪೇಟೆ ದಾಟುವಾಗ ಮುಂದೆ ಹೋಗುತ್ತಿದ್ದ ನಾಗರಾಜು ಸಿಕ್ಕಿದ. ಬೊಳ್ಳಪ್ಪನ ಪಕ್ಕದ ಎಸ್ಟೇಟಿಗೆ ಆಳು ಸಾಗಿಸುವ ಡ್ರೈವರ್. ಅವನದೂ ಅಂಥದೇ ಹಳೇ ಪಿಕಪ್. ಟಾರ್ಪಾಲಿನ ಕೆಳಗೆ ಬೊಳ್ಳಪ್ಪನ ಒಂಬತ್ತು ಹೆಂಗಸರೂ ಕಂಡರು. ಎಲ್ಲರ ಕಣ್ಣೂ ಮುಚ್ಚಿತ್ತು. ಮುಖದಲ್ಲಿ ಪರಮಾನಂದ. ತಲೆಗಳು ಒಂದೇ ತಾಳಕ್ಕೆ ತೂಗುತ್ತಿದ್ದವು. ಯಾವ ಹಾಡೆಂದು ಬೊಳ್ಳಪ್ಪ ಕಿವಿಗೊಟ್ಟ. ತನ್ನ ಗಾಡಿಯ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ.

‘ಕಳ್ಳ, ಭಾರಿ ಸಿಸ್ಟಮ್ಮೇ ಹಾಕಿಸಿದ್ದಾನೆ,’ ಎಂದುಕೊಂಡ.

ಫೆಬ್ರವರಿ ಮುಗಿಯುತ್ತಿತ್ತು. ರೋಬಸ್ಟಾ ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರತೊಡಗಿತ್ತು. ಕೊಯ್ದು ಮುಗಿಸುವ ಮೊದಲೇ ಹೂಮಳೆ ಬಿದ್ದರೆ ಈ ವರ್ಷದ ಹಣ್ಣೂ ಕೆಡುತ್ತದೆ, ಆ ಮಳೆಗೆ ಅರಳಿದ ಮುಂದಿನ ವರ್ಷದ ಫಸಲಿನ ಹೂವೂ ಕೊಯ್ಯುವ ಕೈ ತಾಗಿ ಉದುರುತ್ತದೆ. ಇಂಥ ಹೊತ್ತಿನಲ್ಲಿ ಬುದ್ಧಿವಂತ ಬೆಳೆಗಾರ ಏನು ಮಾಡಬೇಕೋ ಬೊಳ್ಳಪ್ಪ ಅದನ್ನೇ ಮಾಡಿದ. ಗೋಣಿಕೊಪ್ಪಕ್ಕೆ ಹೋಗಿ ಧರ್ಮೇಶನ ಕಾರ್ ಆಡಿಯೊ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

ಧರ್ಮೇಶ್ ಬಾಗಿಲು ಎಳೆದು ನೋಡಿದ. ಬಾಗಿಲು ಕೈಗೇ ಬಂತು.

“ಸರ್, ಈ ಗಾಡಿಗೆ ಮೊದಲು ಬೇರೆ ಕೆಲಸ ಉಂಟಲ್ಲ?”

“ಅದೆಲ್ಲ ಆಮೇಲೆ. ನಾಲ್ಕು ಗಂಟೆಗೇ ಎದ್ದು, ಮನೆಗೆಲ್ಲ ಅಡುಗೆ ಮಾಡಿಟ್ಟು ಬರುವ ಹೆಂಗಸರು. ಪಾಪ, ದಾರೀಲಾದರೂ ಅವರಿಗೆ ಒಂದು ಸುಖ ಬೇಡ್ವಾ?”

ಬೊಳ್ಳಪ್ಪನಿಗೆ ಅಷ್ಟು ಕರುಣೆಯಿತ್ತು.

ಎರಡು ದಿನ ಕೆಲಸ ನಡೆಯಿತು. ಡ್ಯಾಶ್‌ಬೋರ್ಡ್ ಕೊಯ್ದು ಟಚ್‌ಸ್ಕ್ರೀನ್ ಕೂರಿಸಿದರು. ಸೀಟಿನಡಿ ಆಂಪ್ಲಿಫೈಯರ್, ಅದರ ಹಸಿವಿಗೆ ದೊಡ್ಡ ಬ್ಯಾಟರಿ. ಸೀಟಿನ ಹಿಂದೆ ಅಕ್ಕಿಮೂಟೆಯಷ್ಟು ದಪ್ಪದ ಸಬ್‌ವೂಫರ್. ಹಿಂದೆ, ಹೆಂಗಸರು ಕೂರುವಲ್ಲಿ, ಟಾರ್ಪಾಲಿನ ಕಂಬಿಗೆ ನಾಲ್ಕು ಸ್ಪೀಕರ್. ಪ್ರತಿಯೊಬ್ಬಳ ಕಿವಿಗೂ ಸಮಪಾಲು. ಸಬ್‌ವೂಫರ್ ಒಮ್ಮೆ ಗುಡುಗಿದರೆ ಹೆಡ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು.

ಮನೆಯಂಗಳದಲ್ಲಿ ಹಾಡು ಹಾಕಿ ತೋರಿಸಿದಾಗ ಹೆಂಡತಿ ಮುತ್ತಮ್ಮ ಒಳಗಿನಿಂದ ಓಡಿ ಬಂದಳು.

“ಹೆಂಗಸರಿಗೆ ಎಂತ ಬೇಕೂಂತ ಅವರನ್ನು ಒಂದು ಮಾತು ಕೇಳಿದ್ದೀರಾ?”

“ಕೇಳೋದೆಂತ, ಚೋಮಿಯೇ ಹೇಳಿದ್ದಾಳೆ. ಸೌಂಡಿನ ತೊಂದರೆ ಅಂತ.”

ಮರುದಿನ ಬಾಳೆಲೆಯಲ್ಲಿ ಐವರೂ ಹತ್ತಿದರು. ಬೊಳ್ಳಪ್ಪ ಬಟನ್ ಒತ್ತಿದ. ಬಸ್‌ಸ್ಟ್ಯಾಂಡಿನ ನಾಯಿಗಳು ಎದ್ದು ಜಾಗ ಬಿಟ್ಟವು. ಕನ್ನಡಿಯಲ್ಲಿ ನೋಡಿದ: ಐವರೂ ತಲೆವಸ್ತ್ರವನ್ನು ಕಿವಿಯ ಮೇಲೆ ಬಿಗಿದುಕೊಳ್ಳುತ್ತಿದ್ದರು. ಚಳಿ ಇನ್ನೂ ಹೋಗಿಲ್ಲ, ಎಂದುಕೊಂಡ.

ಪೊನ್ನಂಪೇಟೆಯಲ್ಲಿ ಚೋಮಿ ಹಿಂದಿನ ಗಾಜು ತಟ್ಟಿದಳು. “ಇದು ಎಷ್ಟು ಹೊತ್ತು ಹಾಡ್ತದೆ, ಸಾವ್ಕಾರ್ರೇ?”

“ಬಿಟ್ಟಂಗಾಲದವರೆಗೂ! ಹೊಸ ಬ್ಯಾಟರಿ, ನಿಲ್ಲೋ ಮಾತೇ ಇಲ್ಲ!”

ಚೋಮಿ ಮತ್ತೆ ಮಾತಾಡಲಿಲ್ಲ. ಸಂತೋಷದಲ್ಲಿ ಮಾತು ಹೊರಡದು.

ಅದರ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೂ ಇರಲಿಲ್ಲ. ಬೊಳ್ಳಪ್ಪ ಹಾಡು ಜೋರು ಮಾಡಿ ಸುತ್ತ ನೋಡಿದ. ಎದುರಿನ ಹೋಟೆಲಿನವನು ಕೈ ಚಾಚಿ ರಸ್ತೆ ತೋರಿಸಿದ. ದೂರದ ತಿರುವಿನಲ್ಲಿ ನಾಗರಾಜುವಿನ ಪಿಕಪ್ ಮರೆಯಾಗುತ್ತಿತ್ತು. ಹಿಂಬದಿಯಲ್ಲಿ ಕೊನೆಗೆ ಕಂಡದ್ದು ಚೋಮಿಯ ಕೆಂಪು ತಲೆವಸ್ತ್ರ.

ಬೊಳ್ಳಪ್ಪನಿಗೆ ನೆತ್ತಿಗೇರಿತು. ಅಟ್ಟಿಸಿಕೊಂಡು ಹೋದ. ಆ ಗಾಡಿ ವಿಚಿತ್ರ ನಿಧಾನವಾಗಿ, ಹೊಂಡಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು ಸಾಗುತ್ತಿತ್ತು. ಎರಡೇ ಮೈಲಿಯಲ್ಲಿ ಹಿಂದೆ ಹಾಕಿ, ಸ್ವಲ್ಪ ಮುಂದೆ ಹೋಗಿ ಅಡ್ಡ ನಿಲ್ಲಿಸಿದ. ಕೀ ತಿರುಗಿಸಿ ಎಂಜಿನ್ ಆರಿಸಿದ. ಹಾಡು ನಿಂತಿತು. ಹಿಂದೆ ನಾಗರಾಜುವೂ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ಕಾಫಿ ಗಿಡಗಳ ನಡುವೆ ಎಲ್ಲೋ ಒಂದು ಹಕ್ಕಿ ಕೂಗಿತು. ಬೇರೆ ಸದ್ದಿರಲಿಲ್ಲ.

ದಡದಡನೆ ನಡೆದುಹೋಗಿ ನಾಗರಾಜುವಿನ ಬಾಗಿಲು ತೆರೆದ.

“ನನ್ನ ಹದಿನಾಲ್ಕು ಹೆಂಗಸರನ್ನೂ ಎಳೆದುಕೊಂಡೆಯಲ್ಲ! ಎಂಥ ಸಿಸ್ಟಮ್ ಹಾಕಿಸಿದ್ದೀಯಾ, ತೋರಿಸು!”

ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಇರಬೇಕಾದಲ್ಲಿ ಚೌಕದ ತೂತು. ಅದರೊಳಗೆ ಗಾಜು ಒರೆಸುವ ಬಟ್ಟೆ.

ನಾಗರಾಜು ತುಟಿಯ ಮೇಲೆ ಬೆರಳಿಟ್ಟ. “ಶ್... ಮೆಲ್ಲಗೆ ಮಾತಾಡಿ ಬೊಳ್ಳಪ್ಪಣ್ಣ, ಎಲ್ಲರೂ ಮಲಗಿದ್ದಾರೆ.”