ಉರುಳಿದ ಎಲೆ

"ಅಮ್ಮಾ, ಸ್ವಲ್ಪ ಆ ಕಡೆ ಸರೀತೀರಾ? ಮರಕ್ಕೆ ಬೋರ್ಡು ಕಟ್ಟಬೇಕು."

ಉದ್ಯಾನದ ಮಾಲಿ ತಂತಿ, ಇಕ್ಕಳ ಹಿಡಿದು ನಿಂತಿದ್ದ. ಮರದ ಬುಡದಲ್ಲಿ ಕೂತು ತನ್ನಷ್ಟಕ್ಕೇ ಮಾತಾಡುತ್ತಿದ್ದ ಹೆಂಗಸು ಸಂಕೋಚದಿಂದ ಎದ್ದಳು. ತಾನು ದುಡಿಯುವ ಹೊಲಿಗೆ ಅಂಗಡಿಗೆ ರಜೆ ಇದ್ದಾಗಲೆಲ್ಲ ಅವಳು ಇಲ್ಲಿಗೆ ಬರುತ್ತಿದ್ದಳು. ಅವಳೂ ಅವಳ ಅಕ್ಕನೂ ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳಿದವರು. ಇದೇ ಉದ್ಯಾನದಲ್ಲಿ ಸಸಿ ಬೆಳೆಸುತ್ತಿದ್ದ ಅಕ್ಕ, ನಿವೃತ್ತಿಯ ದಿನ ಇಲ್ಲೊಂದು ಫರ್ ಎಂಬ ಸೂಜಿ ಎಲೆ ಮರದ ಸಸಿ ನೆಟ್ಟಿದ್ದಳು. ಈಗ ಅಕ್ಕ ಇಲ್ಲ. ಮೊಣಕಾಲು ನೋವು, ಪಕ್ಕದ ಮನೆಯವರ ಜಗಳ, ಒಬ್ಬಳಿಗೇ ಅಡುಗೆ ಮಾಡುವ ಬೇಸರ, ಎಲ್ಲವನ್ನೂ ತಂಗಿ ಈ ಮರಕ್ಕೆ ಒಪ್ಪಿಸಿ ಹಗುರಾಗಿ ಹೋಗುತ್ತಿದ್ದಳು.

ಮಾಲಿ ಕಟ್ಟಿದ ಬೋರ್ಡಿನಲ್ಲಿ 'ಸ್ಪ್ರೂಸ್' ಎಂದಿತ್ತು.

"ಬೋರ್ಡು ಅದಲುಬದಲಾಗಿದೆ ನೋಡಪ್ಪ. ಇದು ಫರ್. ನಮ್ಮಕ್ಕ ನೆಟ್ಟಿದ್ದು."

"ಇಲ್ಲಮ್ಮ. ನೋಡೋಕೆ ಎರಡೂ ಒಂದೇ ಥರ. ನಾನೂ ಎಷ್ಟೋ ಸಲ ಏಮಾರಿದ್ದೀನಿ." ಅವನು ಸೂಜಿಯಂಥ ಎಲೆಯೊಂದನ್ನು ಕಿತ್ತು ಅವಳ ಕೈಗಿಟ್ಟ. "ಬೆರಳ ಮಧ್ಯೆ ಉರುಳಿಸಿ ನೋಡಿ."

ಎಲೆ ಸಲೀಸಾಗಿ ಉರುಳಿತು. ತುದಿ ಚುಚ್ಚಿತು.

"ಉರುಳಿದ್ರೆ ಸ್ಪ್ರೂಸ್. ಫರ್ ಎಲೆ ಚಪ್ಪಟೆ, ಉರುಳಲ್ಲ. ಅಷ್ಟಾಗಿ ಚುಚ್ಚೋದೂ ಇಲ್ಲ. ನಿಮ್ಮಕ್ಕಂದು ಅಗೋ, ದಾರಿಯ ಆ ಬದಿದು. ಈ ತಿರುವಲ್ಲಿ ಫರ್ ಅಂತ ಇರೋದು ಅದೊಂದೇ."

"ತಿರುವಲ್ಲಿದೆ ಅಂದಿದ್ಲು. ನಾನು ಈ ಕಡೆದೇ ಅಂದ್ಕೊಂಡೆ..." ಅವಳ ದನಿ ಇಳಿಯಿತು.

ಮಾಲಿ ಸಾಮಾನು ಎತ್ತಿಕೊಂಡು ಮುಂದಿನ ಸಾಲಿಗೆ ಹೋದ.

ಅವಳು ದಾರಿ ದಾಟಿದಳು. ಇಷ್ಟು ದಿನವೂ ತಾನು ಬೆನ್ನು ಹಾಕಿ ಕೂತಿದ್ದು ಈ ಮರಕ್ಕೇ. ಎಲೆಯೊಂದನ್ನು ಕಿತ್ತು ಉರುಳಿಸಲು ನೋಡಿದಳು. ಉರುಳಲಿಲ್ಲ. ಮಾತಾಡಲೆಂದು ಬಾಯಿ ತೆರೆದರೆ ಮಾತೇ ಇರಲಿಲ್ಲ; ಹೇಳುವುದನ್ನೆಲ್ಲ ಆಚೆ ಬದಿಯಲ್ಲಿ ಹೇಳಿ ಮುಗಿಸಿಯಾಗಿತ್ತು. ಇಂಥ ಎಡವಟ್ಟು ಮಾಡಿದರೆ ಅಕ್ಕ ಸುಮ್ಮನೆ ಬಿಡುವವಳಲ್ಲ. ಕಣ್ಣು ಎಲ್ಲಿಟ್ಟಿದ್ದೆ ಅಂತ ಶುರು ಮಾಡಿದರೆ ಊಟದ ಹೊತ್ತಿನವರೆಗೂ ನಿಲ್ಲಿಸುತ್ತಿರಲಿಲ್ಲ.

ತಂಗಿ ಕೆಳಗಿನ ಕೊಂಬೆಯೊಂದನ್ನು ಹಿಡಿದು, ತಲೆ ತಗ್ಗಿಸಿ ನಿಂತಳು.

"ಬೈಯೇ," ಎಂದಳು. "ಒಂದೇ ಒಂದ್ಸಲ ಬೈಯೇ, ಅಕ್ಕಾ."