ನಲವತ್ತು ದಾಟಿದರೆ ನಡುಗುವ ಜೀಪು

ಜೀಪು ಪೂರ್ತಿ ನಿಲ್ಲುವ ಮೊದಲೇ ವ್ಯಾಪಾರಿ ಹಾರಿ ಇಳಿದ. ಮದನಪಲ್ಲಿಯಿಂದ ಬಂದಿದ್ದ ಭಾರಿ ಆಸಾಮಿ. ಅವನ ಕೈ ಇನ್ನೂ ಸ್ಟೀರಿಂಗ್ ಹಿಡಿದಂತೆಯೇ ಗಡಗಡ ಅಲುಗುತ್ತಿತ್ತು.

“ಇದಿ ಬಂಡಿ ಕಾದಯ್ಯಾ, ದಯ್ಯಂ!” ಗಾಡಿಯಲ್ಲ ಇದು, ದೆವ್ವ ಎಂದು ತೆಲುಗಿನಲ್ಲಿ ಕೂಗಿದವನೇ ಬಸ್ ಸ್ಟಾಪಿನ ದಾರಿ ಹಿಡಿದ.

ಮುನಿರಾಮಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಕೊಳ್ಳಲು ಬಂದ ಎರಡನೆಯವನೂ ಓಡಿದ್ದ. ನಲವತ್ತರ ವೇಗದವರೆಗೆ ಜೀಪು ಸಾಧು ಹಸು. ನಲವತ್ತು ದಾಟಿತೋ, ಮುಂದಿನ ಚಕ್ರಗಳು ಕುಣಿಯಲು ಶುರು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ಒದರುತ್ತಿತ್ತು.

ಅದು ತೀರಿಹೋದ ಅಣ್ಣ ಚನ್ನರಾಯಪ್ಪನ ಜೀಪು. ಅವನ ಮಾವಿನ ತೋಟ ಕೆರೆಯಾಚೆ, ಬಂಡೆಗಳ ನಡುವೆ. ಅಲ್ಲಿಗೆಂದೇ ಸ್ಪ್ರಿಂಗಿಗೆ ಇನ್ನಷ್ಟು ಪ್ಲೇಟು ಸೇರಿಸಿ, ದೊಡ್ಡ ಟೈರು ಹಾಕಿಸಿ ಜೀಪನ್ನು ಎತ್ತರ ಮಾಡಿಸಿದ್ದ. ಎಷ್ಟು ಎತ್ತರವೆಂದರೆ, ಕೊಟ್ಟಿಗೆಯಲ್ಲಿ ನಿಂತಾಗ ಕರು ಅದರಡಿಯೇ ಮಲಗಿ ಮೆಲುಕು ಹಾಕುತ್ತಿತ್ತು. ಸೀಟಿನ ಕೆಳಗೆ ಸದಾ ಒಂದು ಗಿಡ್ಡ ಕೋಲು. ನಾಯಿ ಓಡಿಸಲು ಎಂದು ಊರು ನಂಬಿತ್ತು. ಪಕ್ಕದ ಸೀಟು ಹೆಂಡತಿ ಶ್ಯಾಮಲಮ್ಮನದು. ತೋಟಕ್ಕೆ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿದ್ದರು.

ಆ ಜೀಪು ಬಿಟ್ಟರೆ ತೋಟಕ್ಕೆ ಹೋಗಬಲ್ಲದ್ದು ಮುನಿರಾಮಪ್ಪನ ಟ್ರಾಕ್ಟರ್ ಒಂದೇ. ಜೀಪು ತೊಲಗಿದರೆ ಕಾಯಿ ಇಳಿಸಲು ತಾಯಿ ಮಗಳು ತನ್ನ ಬಾಗಿಲಿಗೇ ಬರಬೇಕು, ಆಮೇಲೆ ತೋಟ ಎಲ್ಲಿ ಹೋದೀತು? ಅಣ್ಣ ಹೋದ ಮೇಲೆ ಯಜಮಾನಿಕೆಯನ್ನು ತಾನೇ ಹೆಗಲಿಗೆ ಎಳೆದುಕೊಂಡಿದ್ದ ಪುಣ್ಯಾತ್ಮನ ಯೋಚನೆ ಇದು.

ಚನ್ನರಾಯಪ್ಪನ ಮಗಳು ಮಾನಸ ಮುಖಕ್ಕೆ ಹೊಡೆದಂತೆ ಹೇಳಿದ್ದಳು. “ಅಪ್ಪ ನಂಗೆ ಓಡ್ಸೋದು ಕಲ್ಸವ್ರೆ ಚಿಕ್ಕಪ್ಪ. ಈ ಸಲ ಕಾಯಿ ನಾನೇ ಇಳಿಸ್ತೀನಿ. ಜೀಪ್ ಮಾರೋಕೆ ಬಿಡಲ್ಲ.”

“ಬಿಡಲ್ಲ ಅನ್ನೋಕೆ ನೀನ್ಯಾವ ಊರ ಗೌಡ್ತಿ? ಹೆಣ್ಣುಡ್ಗಿ ಜೀಪ್ ಓಡ್ಸಿದ್ರೆ ಸೀಮೆ ನಗ್ತದೆ.”

“ನಗ್ಲಿ ಬಿಡಿ. ಹಲ್ಲಿದ್ದೋರು ನಗ್ತಾರೆ.”

ಶ್ಯಾಮಲಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದು ಮಗಳನ್ನು ಗದರಿಸಿದಳು. “ಬಾಯ್ ಮುಚ್ಚೇ. ಚಿಕ್ಕಪ್ಪ ಹೇಳ್ದಂಗೇ ಆಗ್ಲಿ.” ಗಂಡ ಸತ್ತ ಮೇಲೆ ಅವಳದು ಅದೊಂದೇ ಮಾತು. ಮಾನಸಳಿಗೆ ಚಿಕ್ಕಪ್ಪನಿಗಿಂತ ಅಮ್ಮನ ಮೇಲೇ ಹೆಚ್ಚು ಸಿಟ್ಟು ಬಂತು.

ಮುನಿರಾಮಪ್ಪ ಜೀಪನ್ನು ತೆವಳಿಸಿಕೊಂಡು ಮುಳಬಾಗಿಲಿಗೆ ಒಯ್ದ. ಅಲ್ಲಿಯ ಮೆಕ್ಯಾನಿಕ್ ನರಸಿಂಹಪ್ಪ ತೊಳೆಯದ ಗಾಡಿಯನ್ನು ಮುಟ್ಟುವವನಲ್ಲ. ಮೊದಲು ವಾಟರ್ ವಾಶ್, ಆಮೇಲೆ ಸ್ಪ್ಯಾನರ್. ಗಾಡಿ ಥಳಥಳ ಆದ ಮೇಲೆ ಜಾಕಿ ಏರಿಸಿ ಚಕ್ರ ಅಲ್ಲಾಡಿಸಿದ. ಟೈ ರಾಡ್ ಬಿಗಿ. ಕಿಂಗ್ ಪಿನ್ ಬಿಗಿ. ಬೇರಿಂಗ್ ಸರಿ. ಎತ್ತರ ಮಾಡಿದ ಗಾಡಿ, ಮುಂದಿನ ಆಕ್ಸಲ್ ತಿರುಚಿಕೊಂಡಿರಬೇಕು ಎಂದು ಅದನ್ನೂ ನೋಡಿದ. ನೆಟ್ಟಗಿತ್ತು. ಕೊನೆಗೆ ಹೆದ್ದಾರಿಯಲ್ಲಿ ಅರವತ್ತಕ್ಕೆ ಓಡಿಸಿದ. ಜೀಪು ಒಂಚೂರೂ ನಡುಗಲಿಲ್ಲ.

“ಗಾಡಿಗೇನೂ ಆಗಿಲ್ಲ ಮುನಿರಾಮಣ್ಣ. ಹೋದ್ ಸಲಾನೂ ಇದೇ ಕಥೆ. ನಿಮ್ಮನೇಲೇ ಯಾರೋ ಕೈ ಹಾಕ್ತಾವ್ರೆ.”

ಯಾರೋ ಏನು ಬಂತು? ಮಾನಸ! ಮೂರನೆಯ ವ್ಯಾಪಾರಿ ಬರುವ ಹಿಂದಿನ ದಿನವೇ ಮುನಿರಾಮಪ್ಪ ಅವಳನ್ನು ಶ್ರೀನಿವಾಸಪುರದ ಬಸ್ಸು ಹತ್ತಿಸಿ ಸೋದರತ್ತೆ ಮನೆಗೆ ಅಟ್ಟಿದ. ಜೀಪಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಮಂಚ ಹಾಕಿ ಮಲಗಿದ. ಈಗ ಬಾ ಮಗಳೇ, ನೋಡ್ತೀನಿ!

ಬೆಳಿಗ್ಗೆ ವ್ಯಾಪಾರಿ ಬಂದ. ನಡುಮನೆಯಲ್ಲಿ ದೇವರಿಗೆ ಕಾಯಿ ಒಡೆಯಲು ಹೋಗುವ ಮೊದಲು ಮುನಿರಾಮಪ್ಪ ಎಂದಿನಂತೆ ಎಚ್ಚರಿಸಿದ.

“ಅತ್ತಿಗೆಮ್ಮ, ಒಳ್ಳೆ ಕೆಲಸಕ್ಕೆ ಗಾಡಿ ಹೊರಡ್ತದೆ. ಗಂಡ ಇಲ್ದೋರು ಎದುರಿಗೆ ಬರಬಾರ್ದು. ಗಾಡಿ ಹೋಗೋಗಂಟ ಕೊಟ್ಟಿಗೆಯಾಗೇ ಹಿಂದ್ಗಡೆ ಇರಿ.”

“ಆಗ್ಲಪ್ಪ,” ಎಂದು ಶ್ಯಾಮಲಮ್ಮ ತಲೆ ತಗ್ಗಿಸಿ ಜೀಪಿನ ಹಿಂದೆ, ಕರುವಿನ ಪಕ್ಕಕ್ಕೆ ಸರಿದಳು. ಗಂಡನ ಪಕ್ಕ ಕೂತು ಓಡಾಡಿದ ಜೀಪಿಗೆ ಈಗ ಅವಳ ಮುಖವೇ ಅಪಶಕುನವಂತೆ. ಇಂಥ ಶಾಸ್ತ್ರಕ್ಕೆ ಬೆಂಕಿ ಬೀಳ!

ಈ ಸಲ ಮುನಿರಾಮಪ್ಪ ತಾನೇ ಓಡಿಸಿದ. ಪಕ್ಕದಲ್ಲಿ ವ್ಯಾಪಾರಿ. ಊರಾಚೆ ಟಾರ್ ರಸ್ತೆ ಸಿಕ್ಕಿತು. ಮೂವತ್ತು, ನಲವತ್ತು. “ನೋಡಿ, ಹೆಂಗೆ ಹೋಗ್ತಾ...” ಎಂಬ ಮಾತು ಬಾಯಲ್ಲೇ ಉಳಿಯಿತು. ಸ್ಟೀರಿಂಗ್ ಅವನ ಹೆಬ್ಬೆರಳನ್ನು ಬಡಿದು ಕಿತ್ತುಕೊಂಡಿತು. ಜೀಪು ಹೊಂಗೆ ಮರವನ್ನು ಕೂದಲೆಳೆಯಲ್ಲಿ ತಪ್ಪಿಸಿ ಹಳ್ಳದ ಅಂಚಿಗೆ ನಿಂತಿತು.

ವ್ಯಾಪಾರಿ ನಡೆದುಕೊಂಡೇ ಹೋದ. ಮುನಿರಾಮಪ್ಪ ಹೇಗೋ ಜೀಪನ್ನು ಮನೆ ಮುಟ್ಟಿಸಿ, ಎದುರಿನ ಎಸ್‌ಟಿಡಿ ಬೂತಿನ ಮುಂದೆ ಕೂತಿದ್ದವರೆಲ್ಲ ಕೇಳುವಂತೆ ಅರಚಿದ. “ಅಣ್ಣನ ದೆವ್ವ ಕೂತದೆ ಇದ್ರಲ್ಲಿ! ಇನ್ನು ಇದನ್ನ ಮುಟ್ಟಿದ್ರೆ ನನ್ ಹೆಸ್ರು ಮುನಿರಾಮಪ್ಪ ಅಲ್ಲ. ತಾಯಿ ಮಗಳೇ ಇಟ್ಕೊಂಡು ಸಾಯ್ರಿ!” ಬೀಗದ ಕೈ ಅಂಗಳಕ್ಕೆ ಬಂದು ಬಿತ್ತು. ಊರೆದುರು ಆಡಿದ ಮಾತು, ನುಂಗಿಕೊಳ್ಳಲು ಬರುವುದಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮಾನಸ ಬಂದಳು. ಬೀಗದ ಕೈ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಮರುಕ್ಷಣವೇ ಮುಖ ಸಪ್ಪಗಾಯಿತು. “ಗಾಡಿ ಉಳೀತು. ಆದ್ರೆ ನಲವತ್ತು ದಾಟಿದ್ರೆ ನಡುಗುತ್ತಲ್ಲಮ್ಮ? ಕಾಯಿ ತುಂಬ್ಕೊಂಡು ಹೋಗೋದು ಹೆಂಗೆ?”

ಶ್ಯಾಮಲಮ್ಮ ಸೀಟಿನ ಕೆಳಗಿಂದ ಗಿಡ್ಡ ಕೋಲನ್ನು ಎಳೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪಿನಡಿಗೆ ಸರಾಗ ನುಸುಳಿದಳು.

“ಕೆರೆ ದಾಟಿ ಟಾರ್ ರೋಡ್ ಹತ್ತೋ ಮುಂಚೆ ನಿಮ್ಮಪ್ಪ ದಿನಾ ಇದ್ರಲ್ಲಿ ಚಕ್ರ ಕೆರೀತಿದ್ರು. ಒಳಗಡೆ ಒಂದೇ ಮಗ್ಗುಲಿಗೆ ಮಣ್ಣು ಮೆತ್ಕೊಂಡ್ರೆ ಸ್ಟೀರಿಂಗ್ ಕುಣೀತದಂತೆ.”

ಮುಂದಿನ ಚಕ್ರದ ಒಳಬದಿಯಿಂದ ಕೆರೆಮಣ್ಣಿನ ದಪ್ಪ ಹೆಂಟೆಯೊಂದು ದೊಪ್ಪನೆ ಬಿತ್ತು. ಅದರ ಮೈತುಂಬ ಒತ್ತಿ ಒತ್ತಿ ಮೆತ್ತಿದ ಬೆರಳುಗಳ ಗುರುತು. ಮಾನಸ ಬಗ್ಗಿ ಅಮ್ಮನ ಕೈಯನ್ನೇ ನೋಡಿದಳು.

“ಎದುರಿಗೆ ಬರಬೇಡಿ ಅಂದ. ಮೂರು ಸಲಾನೂ ನಾನು ಹಿಂದ್ಗಡೇನೇ ಇದ್ದೆ ಕಣೇ.”